ಹಿಂದಿನ ತಗಡಿಗೆ ಎರಡು ಸ್ಪೀಕರ್

ನನ್ನ ಹಳೆಯ ಪಿಕಪ್ಪಿಗೆ ಹಿಂದಿನ ಸ್ಪೀಕರ್ ಹಾಕಿಸುತ್ತೇನೆ ಅಂದಾಗ ಅಮ್ಮ ಕೇಳಿದ್ದು ಒಂದೇ ಮಾತು: "ಎಂತಕ್ಕೆ ಅದು? ಆ ಗಲಾಟೆಯಲ್ಲಿ ನಾವು ಬಡ್ದದ್ದು ಕೇಳ್ತದಾ ನಿಂಗೆ?" ನಾನು ನಕ್ಕುಬಿಟ್ಟೆ.

ಭಟ್ಕಳ ಬಂದರಿನಿಂದ ಹೊನ್ನಾವರದ ಪೇಟೆಗೆ ದಿನಾ ಬೆಳಿಗ್ಗೆ ಮೀನು ಸಾಗಿಸುವುದು ನನ್ನ ಕೆಲಸ. ಮೀನು ಮಾರುವ ಹೆಂಗಸರೂ ಬುಟ್ಟಿ ಸಮೇತ ಹಿಂದೆ ಕೂರುತ್ತಾರೆ. ಅಮ್ಮನೂ ಅವರಲ್ಲೊಬ್ಬಳು. ಯಾರಿಗಾದರೂ ಇಳಿಯಬೇಕಾದರೆ ಕ್ಯಾಬಿನ್ನಿನ ಹಿಂದಿನ ತಗಡಿಗೆ ಅಂಗೈಯಿಂದ ಬಡಿಯಬೇಕು, ನಾನು ನಿಲ್ಲಿಸಬೇಕು. ಮೊದಲಿನಿಂದಲೂ ಅದೇ ನಮ್ಮ ಬೆಲ್ಲು.

ಬಾಗಿಲಿನ ಸ್ಪೀಕರ್‌ಗಳು ಕೆಮ್ಮತೊಡಗಿದ್ದವು. ಗ್ಯಾರೇಜಿನವನು ಸ್ಟೀರಿಯೊ ಹೊರಗೆಳೆದು, ಹಿಂದಿನ ಸ್ಪೀಕರಿಗೆಂದೇ ಇದ್ದ ವೈರುಗಳು ಇಷ್ಟು ವರ್ಷ ಸುಮ್ಮನೆ ಬಿದ್ದಿದ್ದನ್ನು ತೋರಿಸಿದ. ಕಾಲಡಿಯ ಮ್ಯಾಟಿನ ಕೆಳಗೆ ವೈರ್ ಎಳೆದು, ಸೀಟಿನ ಹಿಂದೆ ಅದೇ ತಗಡಿಗೆ ಎರಡು ಓವಲ್ ಸ್ಪೀಕರ್ ಕೂರಿಸಿದ. ಹಾಡು ಹಾಕಿದರೆ ಬೆನ್ನಿಗೇ ಡೋಲು ಬಡಿದಂತೆ. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ಮರುದಿನ ಬಂದರು ಬಿಡುವಾಗಲೇ ನಾನು ಸೌಂಡ್ ಏರಿಸಿದ್ದೆ.

ದಾರಿಯಲ್ಲಿ ಮಂಕಿ ಊರಿನ ಹತ್ತಿರ ಬರುವಾಗ ಬೆನ್ನ ಹಿಂದೆ ಧಬ್ ಧಬ್ ಶುರುವಾಯಿತು. ಕೇಳಿಸಲಿಲ್ಲ ಎಂದರೆ ಸುಳ್ಳಾದೀತು. ಕೇಳಿಸಿತು. ಸ್ಪೀಕರ್ ಈಗ ಬಿಸಿಯಾಗಿ ಬೇಸ್ ಕೊಡುತ್ತಿದೆ ಅಂದುಕೊಂಡೆ. ಖುಷಿಯಲ್ಲಿ ಸ್ಟೀರಿಂಗ್ ಮೇಲೆ ತಾಳ ಹಾಕಿದೆ, ಇನ್ನಷ್ಟು ಜೋರು ಮಾಡಿದೆ.

ಹೊನ್ನಾವರದಲ್ಲಿ ಹಿಂದಿನ ಬಾಗಿಲು ಇಳಿಸಿದೆ. ನಮ್ಮ ಕೇರಿಯ ಅಜ್ಜಿ, ಎಲ್ಲರಿಗಿಂತ ಹಿರಿಯಳು, ಮೂಲೆಯಲ್ಲಿ ಮುದುಡಿ ಕುಳಿತಿದ್ದಳು. ಅವಳಿಗೆ ಒಂದಕ್ಕೆ ಹೋಗಬೇಕಿತ್ತು. ಮಂಕಿಯಿಂದ ಎಲ್ಲರೂ ಸೇರಿ ಬಡಿದಿದ್ದರು. ಪಾಪ, ತಡೆಯಲಾಗಲಿಲ್ಲ, ಸೀರೆ ಒದ್ದೆಯಾಗಿತ್ತು. ಅಮ್ಮನ ಅಂಗೈ ಕೆಂಪಗೆ ಬಾತಿತ್ತು.

"ಮೊದ್ಲು ಅದ್ನ ಬಂದ್ ಮಾಡು," ಎಂದಳು ಅಮ್ಮ. ಹಾಡು ಇನ್ನೂ ಪೇಟೆಗೆಲ್ಲ ಕೇಳುತ್ತಿತ್ತು.

ಬಂದ್ ಮಾಡಿ ಬರುವಷ್ಟರಲ್ಲಿ ಅಮ್ಮ ಐಸ್ ಕರಗಿದ ನೀರಿನ ಬಕೆಟ್ ಎತ್ತಿ ಅಜ್ಜಿಯ ಮಡಿಲಿಗೆ, ತನ್ನ ಸೀರೆಗೆ, ಉಳಿದವರ ಮೇಲೂ ಸುರಿದಿದ್ದಳು. ಒಬ್ಬಳೂ ಬೇಡ ಎನ್ನಲಿಲ್ಲ. "ಇವ ಗಾಡಿ ಹೊಡೆದ ಚಂದಕ್ಕೆ ಐಸಿನ ನೀರೆಲ್ಲ ನಮ್ಮ ಮೈಮೇಲೆ," ಎಂದು ಒಬ್ಬಳು ಪೇಟೆಯವರಿಗೆ ಕೇಳುವಂತೆ ಬೈದಳು. ತಲೆ ತಗ್ಗಿಸಿ ಬೈಸಿಕೊಂಡೆ. ಅಜ್ಜಿ ನನ್ನ ಕಡೆ ನೋಡದೆ ಇಳಿದಳು. ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು.

ಅದೇ ಸಂಜೆ ಸ್ಪೀಕರ್ ಕಿತ್ತು ತೆಗೆದೆ. ಮರುದಿನ ಬಂದರಿನಲ್ಲಿ ಅಜ್ಜಿ ಬುಟ್ಟಿ ಹಿಡಿದು ಎಲ್ಲರಿಂದ ದೂರ ನಿಂತಿದ್ದಳು. ಪಿಕಪ್ ಅವಳ ಹತ್ತಿರವೇ ತಂದು, "ಹತ್ತು ಅಜ್ಜಿ, ಮುಂದೆ ನನ್ನ ಹತ್ರ ಕೂತ್ಕೊ," ಅಂದೆ.

"ಬ್ಯಾಡ ತಮಾ, ನೀ ಹೋಗು. ನಾ ಬಸ್ಸಿಗೆ ಬತ್ತೆ."

ಮೀನಿನ ಬುಟ್ಟಿಯನ್ನು ಬಸ್ಸಿನವರು ಹತ್ತಿಸಿಕೊಳ್ಳುವುದಿಲ್ಲ. ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.