ಗ್ವಾನಾಕೊ ಓಡಿಸುವವನ ಹೆಂಡತಿ ಇಂಗ್ಲಿಷ್ ಕಲಿತದ್ದು

ನೊಲ್ಫಾ ರೆತಮಾಲ್ ಇಂಗ್ಲಿಷ್ ತರಗತಿಗೆ ಸೇರಲು ಕಾರಣ ಆ ಕೋಣೆ ಬೆಚ್ಚಗಿದ್ದದ್ದು. ಗಂಡ ಔದಿಲಿಯೊ ತೀರಿಕೊಂಡು ವರ್ಷದ ಮೇಲಾಗಿತ್ತು. ರಕ್ತದೊತ್ತಡ ನೋಡಿಸಿಕೊಳ್ಳಲು ಆರೋಗ್ಯ ಕೇಂದ್ರಕ್ಕೆ ಹೋದಾಗ ಅಲ್ಲಿಯ ನರ್ಸು ಅವಳ ಮುಖವನ್ನೇ ಒಂದು ಗಳಿಗೆ ನೋಡಿ, "ಸೆನ್ಯೋರಾ, ವಾರಕ್ಕೊಂದು ದಿನವಾದ್ರೂ ಮನೆಯಿಂದ ಹೊರಗೆ ಬನ್ನಿ. ಈಜು ಇದೆ, ಹೆಣಿಗೆ ಇದೆ, ಇಂಗ್ಲಿಷ್ ಮಾತಾಡೋ ಕ್ಲಾಸಿದೆ. ಯಾವುದಾದ್ರೂ ಒಂದು ಹಿಡೀರಿ," ಎಂದು ಚೀಟಿ ಕೊಟ್ಟಳು. ಈಜಿಗೆ ಬಟ್ಟೆ ಬಿಚ್ಚಬೇಕು. ಸೂಜಿ ದಾರದ ಸಹವಾಸ ಮೂವತ್ತು ವರ್ಷ ಮಾಡಿ ಸಾಕಾಗಿತ್ತು. ಹಾಗಾಗಿ ಒಂದು ಶನಿವಾರ ಹನ್ನೊಂದು ಗಂಟೆಗೆ ಉವಾಲ್ಪೆನ್‌ನ ನೆರೆಹೊರೆ ಸಂಘದ ಕೋಣೆಗೆ ಹೋಗಿ, ಗ್ಯಾಸ್ ಹೀಟರಿನ ಪಕ್ಕದ ಕುರ್ಚಿ ಹಿಡಿದು ಕುಳಿತಳು. ಮುಂದಿನ ವಾರವೂ ಅದೇ ಕುರ್ಚಿಯಲ್ಲಿ ಕುಳಿತಳು.

ಅವಳು ಹುಟ್ಟಿದ್ದು ಲೋತಾದಲ್ಲಿ, ಕಲ್ಲಿದ್ದಲು ಗಣಿಯವನ ಆರನೇ ಮಗಳಾಗಿ. ಹತ್ತೊಂಬತ್ತಕ್ಕೆ ಉವಾಲ್ಪೆನ್ ಪಕ್ಕದ ನಗರ ಕೊನ್ಸೆಪ್ಸಿಯೊನ್‌ಗೆ ಬಂದು ಶಾಲಾ ಸಮವಸ್ತ್ರ ಹೊಲಿಯುವ ಅಂಗಡಿ ಸೇರಿದಳು. ಊರಿನ ಎಷ್ಟು ಮಕ್ಕಳು ಅವಳ ಕೈಯ ನೀಲಿ ಲಂಗ, ಬೂದು ಪ್ಯಾಂಟು ಹಾಕಿಕೊಂಡು ಶಾಲೆಗೆ ಹೋದರೋ ಲೆಕ್ಕವಿಲ್ಲ. ಔದಿಲಿಯೊ ಕಾರ್ಕಮೊ ಪೊಲೀಸ್ ಇಲಾಖೆಯಲ್ಲಿ ಡೀಸೆಲ್ ಎಂಜಿನ್ ರಿಪೇರಿ ಮಾಡುತ್ತಿದ್ದ. ಮಾತು ಕಮ್ಮಿ, ಉಗುರಿನ ಸಂದಿಯಲ್ಲಿ ಸದಾ ಕರಿ. ಅವನಿಗೆ ನಲವತ್ತಾದಾಗ ಮೇಲಧಿಕಾರಿ, "ಎಂಜಿನ್ ಗೊತ್ತಿರೋನಿಗೆ ಸ್ಟೀರಿಂಗ್ ಏನು ಮಹಾ," ಎಂದು ನೀರು ಚಿಮ್ಮಿಸುವ ಲಾರಿಯ ಮೇಲೆ ಕೂರಿಸಿದ. ಮೆರವಣಿಗೆ ಚದುರಿಸುವ ಆ ಲಾರಿಗೆ ಜನ ಗ್ವಾನಾಕೊ ಅಂತ ಹೆಸರಿಟ್ಟಿದ್ದರು. ಮೈಮೇಲೆ ಹೋದರೆ ಉಗುಳುವ ಬೆಟ್ಟದ ಪ್ರಾಣಿಯ ಹೆಸರು ಅದು. ಹದಿನಾಲ್ಕು ವರ್ಷ ಔದಿಲಿಯೊ ಅದನ್ನು ಓಡಿಸಿದ. ನಿವೃತ್ತನಾದ ಮೂರನೇ ವರ್ಷ, ಒಂದು ಭಾನುವಾರ, ಕೊತ್ತಂಬರಿ ಕತ್ತರಿಸುತ್ತಿದ್ದವನು ಚಾಕು ಕೆಳಗಿಟ್ಟು ಕುರ್ಚಿಯ ಮೇಲೆ ಕುಳಿತ. ಅಷ್ಟರಲ್ಲಿ ಎಲ್ಲ ಮುಗಿದಿತ್ತು.

ಅಂದಿನಿಂದ ನೊಲ್ಫಾ ಅತ್ತಿರಲಿಲ್ಲ. ಅಳು ಒಂದೇ ಅಂತಲ್ಲ, ಯಾವುದೂ ಬರುತ್ತಿರಲಿಲ್ಲ. ಬ್ರೆಡ್ಡಿಗೆ ಬೆಣ್ಣೆಹಣ್ಣು ಹಚ್ಚಿಕೊಂಡು ತಿನ್ನುವಳು. ತಟ್ಟೆ ಖಾಲಿಯಾದದ್ದನ್ನು ಕಂಡು ತಿಂದೆ ಎಂದುಕೊಳ್ಳುವಳು. ಮಗಳು ಮಾರ್ಲೆನ್ ದೇಶದ ದಕ್ಷಿಣ ತುದಿಯ ಪುಂತಾ ಅರೆನಾಸಿನ ಆಸ್ಪತ್ರೆಯಲ್ಲಿ ಸೂಲಗಿತ್ತಿ ನರ್ಸು. ಭಾನುವಾರ ಫೋನ್ ಮಾಡಿ, "ಹೇಗಿದ್ದೀಯಮ್ಮಾ?" ಅನ್ನುವಳು. "ಚೆನ್ನಾಗಿದ್ದೀನಿ," ಅನ್ನುವಳು ನೊಲ್ಫಾ. ಅದು ಸುಳ್ಳೂ ಆಗಿರಲಿಲ್ಲ.

ತರಗತಿಯಲ್ಲಿ ಎಂಟು ಜನ. ಪಾಠ ಹೇಳುವವಳು ಯಸ್ನಾ, ಇನ್ನೂ ಮೂವತ್ತು ತುಂಬದ ಹುಡುಗಿ. ತಪ್ಪು ಕಿವಿಗೆ ಬಿದ್ದರೆ ತಿದ್ದದೆ ಬಿಡುವ ಜಾಯಮಾನ ಅವಳದಲ್ಲ. ಇನ್ನೊಬ್ಬ ದೋನ್ ರೆಂಬೆರ್ತೊ, ಮೀನು ಹಡಗಿನಲ್ಲಿ ಅಡುಗೆ ಮಾಡಿ ನಿವೃತ್ತನಾದವನು. ಇಂಗ್ಲಿಷಿಗಿಂತ ಹರಟೆಗೇ ಬರುತ್ತಿದ್ದ. ನೊಲ್ಫಾಳ ಪಕ್ಕಕ್ಕೆ ಈತಲೊ ನೇರಾ, ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಮೂವತ್ಮೂರರ ಯುವಕ. ಕಂಪನಿಯವರು ಇಂಗ್ಲಿಷ್ ಬಂದರೆ ಮೇಲಿನ ಹುದ್ದೆ ಎಂದಿದ್ದರಂತೆ. ನೊಲ್ಫಾಳಿಗೆ ಪದ ಸಿಗದಾಗ ನೋಟ್‌ಬುಕ್ಕಿನ ಅಂಚಿನಲ್ಲಿ ಬರೆದು ಅವಳತ್ತ ಸರಿಸುತ್ತಿದ್ದ. ತನ್ನ ಗಂಡ ಏನು ಕೆಲಸ ಮಾಡುತ್ತಿದ್ದ ಎಂಬುದನ್ನು ಅವಳು ಅಲ್ಲಿ ಯಾರಿಗೂ ಹೇಳಿರಲಿಲ್ಲ. ಯಾರೂ ಕೇಳಿರಲೂ ಇಲ್ಲ.

ಚಳಿಗಾಲ ಇನ್ನೂ ಬಿಡದ ಆಗಸ್ಟಿನ ಒಂದು ಶನಿವಾರ ಯಸ್ನಾ ಚರ್ಚೆ ಇಟ್ಟಳು. ವಿಷಯ: ವಿಶ್ವವಿದ್ಯಾಲಯಕ್ಕೆ ಫೀಸು ಇರಬೇಕೇ, ಅದಕ್ಕಾಗಿ ವಿದ್ಯಾರ್ಥಿಗಳು ಬೀದಿಗಿಳಿಯುವುದು ಸರಿಯೇ.

"ಈಗಂತೂ ಬಡವರ ಮಕ್ಕಳಿಗೆ ಫೀಸಿಲ್ಲ. ತಣ್ಣಗಾದ ಸಾರು ಯಾಕೆ ಬಿಸಿ ಮಾಡ್ತೀಯಮ್ಮಾ?" ಎಂದ ರೆಂಬೆರ್ತೊ.

"ಬಿಸಿ ಮಾಡಿದ್ರೇ ನೀವು ಮಾತಾಡೋದು ದೋನ್ ರೆಂಬೆರ್ತೊ. ನೀವು ನ್ಯಾಯಾಧೀಶರು. ಟೈಮ್ ನೋಡ್ಕೊಳ್ಳಿ, ಸಾಕು."

ಚೀಟಿ ಎತ್ತಿದರು. ನೊಲ್ಫಾಳಿಗೆ ವಿದ್ಯಾರ್ಥಿಗಳ ಪರ ಬಂತು, ಈತಲೊಗೆ ವಿರುದ್ಧ. ಅವನು ಚೀಟಿ ನೋಡಿ ನಕ್ಕುಬಿಟ್ಟ. "ಮಿಸ್, ಬದಲಾಯಿಸಿ. ಎರಡು ಸಾವಿರದ ಹನ್ನೊಂದರ ಫೀಸು ಗಲಾಟೆಯಲ್ಲಿ ನಾನು ಎರಡು ತಿಂಗಳು ಕಾಲೇಜಿನ ಒಳಗೇ ಬೀಗ ಹಾಕ್ಕೊಂಡು ಮಲಗಿದ್ದವನು. ನಮ್ಮಮ್ಮ ಗೇಟಿನ ಸಂದಿಯಿಂದ ಬೇಳೆ ಸಾರು ಕೊಡ್ತಿದ್ಲು."

"ಬದಲಾಯಿಸೋ ಹಾಗಿಲ್ಲ. ನಂಬದೇ ಇರೋದನ್ನ ಹೇಳೋವಾಗ್ಲೇ ವ್ಯಾಕರಣದ ಮೇಲೆ ಗಮನ ಇರುತ್ತೆ," ಎಂದಳು ಯಸ್ನಾ.

ಈತಲೊ ಎದ್ದು ನಿಂತು ಇಂಗ್ಲಿಷಿನಲ್ಲಿ ಶುರು ಮಾಡಿದ: "ವಿದ್ಯಾರ್ಥಿ ಸೋಮಾರಿ. ವಿದ್ಯಾರ್ಥಿ ಬೀದಿಯಲ್ಲಿ ಕುಣಿಯುತ್ತದೆ, ಡೋಲು ಬಡಿಯುತ್ತದೆ. ಬಸ್ಸು ನಿಲ್ಲುತ್ತದೆ. ಅಜ್ಜಿ ಆಸ್ಪತ್ರೆಗೆ ಹೋಗುವುದಿಲ್ಲ."

ಎಲ್ಲರೂ ನಕ್ಕರು. "ಪಾಪ ಅಜ್ಜಿ!" ಎಂದು ರೆಂಬೆರ್ತೊ ಸ್ಪ್ಯಾನಿಷಿನಲ್ಲೇ ಕೂಗಿದ.

"ನಿಮ್ಮ ಜೀವನದಿಂದ ಒಂದು ಉದಾಹರಣೆ ಕೊಡಿ. ಆಗಿಹೋದದ್ದು. ಭೂತಕಾಲ," ಎಂದಳು ಯಸ್ನಾ.

ಈತಲೊ ತಡವರಿಸಿದ. ಅವನ ಜೀವನದಲ್ಲಿ ಆ ಕಡೆಯ ಉದಾಹರಣೆ ಇರಲಿಲ್ಲ. ಕೊನೆಗೆ, "ಒಂದು ದಿನ ನಾನು ಡಯಾಗೊನಾಲ್ ಬೀದಿಯಲ್ಲಿ ಇದ್ದೆ. ಗ್ವಾನಾಕೊ ಬಂತು. ನೀರು ನನ್ನನ್ನು ತಳ್ಳಿತು. ನಾನು ಬಿದ್ದೆ. ಇಲ್ಲಿ ಮುರಿಯಿತು," ಎಂದು ಎಡಗೈ ಮಣಿಕಟ್ಟನ್ನು ಎತ್ತಿ ತೋರಿಸಿದ.

"ಏಯ್, ನೀನು ಯಾವ ಪಾರ್ಟಿಯವನಯ್ಯಾ? ನಿನ್ನ ಗೋಲಿಗೇ ಹೊಡ್ಕೊಂಡೆಯಲ್ಲ!" ಎಂದು ರೆಂಬೆರ್ತೊ ಮೇಜು ಕುಟ್ಟಿದ. ಮತ್ತೆ ನಗು.

ನೊಲ್ಫಾಳ ಸರದಿ ಬಂತು. ಬರೆದುಕೊಂಡಿದ್ದ ಮೂರು ವಾಕ್ಯಗಳನ್ನು ಓದಿದಳು. ವಿದ್ಯಾರ್ಥಿ ಬಡವ. ಫೀಸು ದೊಡ್ಡದು. ಇದು ಒಳ್ಳೆಯದಲ್ಲ. ಹಾಳೆ ಮುಗಿಯಿತು. ಯಸ್ನಾ, "ಉದಾಹರಣೆ?" ಎಂದಳು. ನೊಲ್ಫಾ ಹೀಟರಿನ ನೀಲಿ ಉರಿಯನ್ನು ನೋಡಿದಳು. ಅವಳಿಗೆ ಬರುತ್ತಿದ್ದ ಇಂಗ್ಲಿಷ್ ಪದಗಳೇ ಕೆಲವು. ಹೇಳಲು ಸಾಧ್ಯವಿದ್ದದ್ದನ್ನು ಹೇಳಿದಳು.

"ನನ್ನ ಗಂಡ ಗ್ವಾನಾಕೊ ಓಡಿಸುತ್ತಾರೆ."

"ಓಡಿಸುತ್ತಿದ್ದರು," ಎಂದಳು ಯಸ್ನಾ. ಅಭ್ಯಾಸಬಲದಿಂದ ಬಾಯಿಗೆ ಬಂದ ಮಾತು. ಹೇಳಿದ ಮೇಲೆ ಆ ವಾಕ್ಯದ ಅರ್ಥ ಹೊಳೆದು ಅವಳ ಮುಖ ಕೆಂಪಾಯಿತು.

"ಓಡಿಸುತ್ತಿದ್ದರು," ಎಂದು ನೊಲ್ಫಾ ವಿಧೇಯಳಾಗಿ ತಿದ್ದಿಕೊಂಡಳು. "ಡಯಾಗೊನಾಲ್ ಬೀದಿಯಲ್ಲಿ. ಹನ್ನೊಂದನೇ ವರ್ಷದಲ್ಲಿ. ನನ್ನ ಮಗಳು ವಿದ್ಯಾರ್ಥಿ ಆಗಿದ್ದಳು. ಅವಳೂ ಡಯಾಗೊನಾಲ್ ಬೀದಿಯಲ್ಲಿ ಇದ್ದಳು."

ಟೈಮ್ ನೋಡಲು ರೆಂಬೆರ್ತೊ ಹಿಡಿದಿದ್ದ ಅಡುಗೆಮನೆಯ ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು. ನೊಲ್ಫಾಳಿಗೆ ನಾಚಿಕೆಯಾಗಲಿಲ್ಲ, ಎದೆಯ ಭಾರ ಇಳಿದಂತೆಯೂ ಆಗಲಿಲ್ಲ. ವಾಕ್ಯಗಳು ಸರಿಯಾಗಿದ್ದವು ಎಂಬುದಷ್ಟೇ ಗೊತ್ತಾಯಿತು.

ಈತಲೊ ಇಂಗ್ಲಿಷಿನಲ್ಲೇ ಹೇಳಿದ: "ನೀರು ಬಹಳ ತಣ್ಣಗೆ ಇತ್ತು."

"ಹೌದು. ಲಾರಿಯ ಒಳಗೂ ಚಳಿ. ಹೀಟರ್ ಕೆಟ್ಟಿತ್ತು," ಎಂದಳು ನೊಲ್ಫಾ.

ಗಡಿಯಾರ ಕಿರ್ರೆಂದಿತು. ಯಾರು ಗೆದ್ದರು ಎಂದು ರೆಂಬೆರ್ತೊ ಹೇಳಲಿಲ್ಲ. ಯಸ್ನಾ ಕಪ್ಪುಹಲಗೆಯ ಮೇಲೆ ಏಳು ಕ್ರಿಯಾಪದಗಳನ್ನು ಬರೆದಳು. ಎಲ್ಲರೂ ತಲೆ ತಗ್ಗಿಸಿ ನಕಲು ಮಾಡಿಕೊಂಡರು.

ಬಸ್ ನಿಲ್ದಾಣದವರೆಗೂ ಈತಲೊ ಅವಳ ಜೊತೆ ಬಂದ. ತುಂತುರು ಬೀಳುತ್ತಿತ್ತು. "ಸೆನ್ಯೋರಾ ನೊಲ್ಫಾ, ನಂಗೆ ಗೊತ್ತಿರ್ಲಿಲ್ಲ."

"ನಿಂಗೆ ಹೇಗೆ ಗೊತ್ತಾಗ್ಬೇಕು ಮಗಾ? ನಾನೇ ಹೇಳಿರ್ಲಿಲ್ಲ."

"ಅವರು ಮನೇಲಿ ನಮ್ಮ ಬಗ್ಗೆ ಏನಾದ್ರೂ ಅಂತಿದ್ರಾ?"

ಅವಳು ಯೋಚಿಸಿದಳು. "'ಇವತ್ತು ಹುಡುಗರು ಬಹಳ ಇದ್ರು' ಅಂತಿದ್ರು. 'ಇವತ್ತು ಕಮ್ಮಿ' ಅಂತಿದ್ರು. ಆಮೇಲೆ ಟೀ ಕುಡೀತಿದ್ರು."

"ಅಷ್ಟೇನಾ?"

"ಅಷ್ಟೇ. ಕೈ ಈಗ್ಲೂ ನೋಯುತ್ತಾ?"

"ಇಂಥ ಹವಾಕ್ಕೆ ಸ್ವಲ್ಪ."

ಬಸ್ಸು ಬಂತು. ಅವಳು ಹತ್ತಿ ಕಿಟಕಿಯ ಬಳಿ ಕುಳಿತಳು. ಅವನು ಕೈ ಎತ್ತಿದ, ಇವಳೂ ಎತ್ತಿದಳು.

ಅವಳು ಹೇಳದೆ ಉಳಿಸಿಕೊಂಡದ್ದು ಇನ್ನೂ ಒಂದಿತ್ತು. ಆ ಚಳಿಗಾಲದಲ್ಲಿ ಔದಿಲಿಯೊನ ಸಮವಸ್ತ್ರವನ್ನು ಅವಳು ಹಿತ್ತಲಿನಲ್ಲೇ ಒಗೆಯುತ್ತಿದ್ದಳು. ಜನ ಚದುರಿಸಲು ಲಾರಿಯ ನೀರಿಗೆ ಬೆರೆಸುತ್ತಿದ್ದ ಮದ್ದಿನ ಘಾಟು ಬಟ್ಟೆಗೆ ಹಿಡಿದು, ಒಳಗೆ ತಂದರೆ ಕಣ್ಣು ಉರಿಯುತ್ತಿತ್ತು. ಒಂದು ಸಂಜೆ ಮಾರ್ಲೆನ್ ತೊಯ್ದು ತೊಪ್ಪೆಯಾಗಿ ಬಂದು, "ಮಳೆ ಅಮ್ಮಾ," ಎಂದು ಜಾಕೆಟ್ ಕೊಟ್ಟಳು. ನೊಲ್ಫಾ ಅದನ್ನು ಹಿಂಡುವಾಗ ಅದೇ ಘಾಟು ಮೂಗಿಗೆ ಬಡಿಯಿತು, ಅದೇ ಉರಿ ಕಣ್ಣಿಗೆ ಬಂತು. ಅರ್ಧ ಗಂಟೆಯ ಮೇಲೆ ಔದಿಲಿಯೊ ಬಂದ. ಮೂವರೂ ಮೇಜಿಗೆ ಕೂತು ಟೀ ಕುಡಿದರು, ಬ್ರೆಡ್ಡು ತಿಂದರು. ಸೌದೆ ಒಲೆಯ ಮೇಲಿನ ತಂತಿಯಲ್ಲಿ ಅವನ ಪ್ಯಾಂಟು, ಅವಳ ಜಾಕೆಟ್ಟು ಅಕ್ಕಪಕ್ಕ ಹಬೆಯಾಡುತ್ತಿದ್ದವು. ಮೂವರ ಕಣ್ಣೂ ಕೆಂಪಗಿದ್ದವು. ಲಾರಿಯ ಜಾಲರಿ ಹಾಕಿದ ಸಣ್ಣ ಕಿಟಕಿಯಿಂದ ಅವನು ಮಗಳನ್ನು ಕಂಡಿದ್ದನೇ ಇಲ್ಲವೇ ಎಂದು ನೊಲ್ಫಾ ಅಂದೂ ಕೇಳಲಿಲ್ಲ, ಮುಂದಿನ ಹತ್ತು ವರ್ಷವೂ ಕೇಳಲಿಲ್ಲ. ಅವನು ಹೋದ ಮೇಲೆ ಕೇಳುವ ಮಾತೇ ಉಳಿಯಲಿಲ್ಲ.

ಮರುದಿನ ಭಾನುವಾರ ಫೋನ್ ಬಂದಾಗ ಅವಳೇ ಮಾತು ತೆಗೆದಳು. ನಿನ್ನೆಯ ಚರ್ಚೆ, ಫೀಸು, ಈತಲೊನ ಮಣಿಕಟ್ಟು, ಎಲ್ಲ ಹೇಳಿ, "ನೀನು ತೊಯ್ದು ಬಂದ ಆ ದಿನ ನಿಮ್ಮಪ್ಪ ನಿನ್ನ ನೋಡಿದ್ರಾ?" ಎಂದಳು.

ಆ ಕಡೆ ಗಾಳಿಯ ಸದ್ದು. ಮಾರ್ಲೆನ್ ಆಸ್ಪತ್ರೆಯ ಹೊರಗೆ ನಿಂತಿದ್ದಳು.

"ನೋಡಿದ್ರೋ ಇಲ್ವೋ ಗೊತ್ತಿಲ್ಲಮ್ಮ. ಆದ್ರೆ ಗೊತ್ತಿತ್ತು ಅವರಿಗೆ. ಮಾರನೇ ದಿನದಿಂದ ಬೆಳಗ್ಗೆ ಬೂಟು ಹಾಕ್ಕೊಳ್ತಾ ಮೆಲ್ಲಗೆ ಕೇಳೋರು, 'ಇವತ್ತು ಯಾವ ಮೂಲೇಲಿ ಇರ್ತೀಯಾ?' ಅಂತ. ನೀನು ಅಡುಗೆಮನೇಲಿ ಇರ್ತಿದ್ದೆ."

"ನೀನೇನಂತಿದ್ದೆ?"

"ಸುಳ್ಳು ಹೇಳ್ತಿದ್ದೆ. ಚೌಕದ ಹತ್ರ ಇದ್ರೆ ಮಾರ್ಕೆಟ್ ಹತ್ರ ಅಂತಿದ್ದೆ. ಪೊಲೀಸಿನವರಿಗೆ ನಮ್ಮ ಜಾಗ ಯಾಕೆ ಹೇಳ್ಲಿ ಅನ್ನೋ ಹುಂಬತನ. ಇಪ್ಪತ್ತು ವರ್ಷ ನಂಗೆ. ಅವರು ಇಡೀ ಚಳಿಗಾಲ ಕೇಳಿದ್ರು, ನಾನು ಇಡೀ ಚಳಿಗಾಲ ಸುಳ್ಳು ಹೇಳ್ದೆ." ಅವಳ ಸ್ವರ ಒಡೆಯಿತು. "ಯಾವತ್ತೂ ಬೈಲಿಲ್ಲಮ್ಮ. 'ಸರಿ' ಅಂದು ಟೋಪಿ ತಗೊಂಡು ಹೋಗೋರು."

ಮಗಳು ಅಳುವುದು ನೊಲ್ಫಾಳಿಗೆ ಕೇಳಿಸಿತು. ತನಗೂ ಬರಬಹುದೇನೋ ಎಂದು ಕಾದಳು. ಬರಲಿಲ್ಲ. ಮಾರ್ಕೆಟ್ಟಿನ ಮೂಲೆ ಮಾತ್ರ ಕಣ್ಣಿಗೆ ಕಟ್ಟಿತು: ಹೂವಿನ ಬಂಡಿಗಳು, ಮುಚ್ಚಿದ ಅಂಗಡಿಗಳು, ಮಗಳಿಲ್ಲದ ಆ ಮೂಲೆಯಲ್ಲಿ ಲಾರಿ ನಿಧಾನ ಮಾಡಿ ಜಾಲರಿಗೆ ಮುಖ ಹಚ್ಚಿ ನೋಡುವ ಗಂಡ.

"ಟೋಪಿ ಹಾಕ್ಕೊಂಡಿದ್ದೀಯಾ? ಗಾಳಿ ಜೋರಿದೆ ಅನ್ಸುತ್ತೆ," ಎಂದಳು.

"ಹಾಕ್ಕೊಂಡಿದ್ದೀನಮ್ಮಾ."

"ಒಳಗೆ ಹೋಗು ಹಾಗಾದ್ರೆ."

ಮುಂದಿನ ಶನಿವಾರವೂ ಅವಳು ತರಗತಿಗೆ ಹೋದಳು. ವಿಷಯ ಹೋಟೆಲಿನಲ್ಲಿ ಊಟ ತರಿಸುವುದು. ಈತಲೊ ಮಾಣಿಯಾದ, ನೊಲ್ಫಾ ಗಿರಾಕಿ. ಸಾರಿನಲ್ಲಿ ನೊಣ ಬಿದ್ದಿದೆ ಎಂದು ಅವಳು ದೂರು ಹೇಳಬೇಕಿತ್ತು, ಹೇಳಿದಳು. ಅವನು ಕ್ಷಮೆ ಕೇಳಿ ಬೇರೆ ಸಾರು ತಂದ. ಮಾರ್ಕೆಟ್ಟಿನ ಮೂಲೆಯ ಸಂಗತಿಯನ್ನು ಅವಳು ಅವನಿಗೆ ಹೇಳಲಿಲ್ಲ. ಅದಕ್ಕೆ ಬೇಕಾದ ಪದಗಳು ಇಂಗ್ಲಿಷಿನಲ್ಲಿ ಇನ್ನೂ ಬಂದಿರಲಿಲ್ಲ, ಸ್ಪ್ಯಾನಿಷಿನಲ್ಲಿ ಹೇಳುವಷ್ಟು ಸಲುಗೆಯೂ ಇರಲಿಲ್ಲ. ವರ್ಷದ ಕೊನೆಗೆ ಯಸ್ನಾ ಎಲ್ಲರಿಗೂ ಸರ್ಟಿಫಿಕೇಟು ಕೊಟ್ಟಳು. ಈತಲೊಗೆ ಮೇಲಿನ ಹುದ್ದೆ ಸಿಕ್ಕಿ, ಎಲ್ಲರಿಗೂ ಕೇಕು ಹಂಚಿದ.

ಜನವರಿಯಲ್ಲಿ ನೊಲ್ಫಾ ಮಗಳ ಊರಿಗೆ ಹೋದಳು. ಹಿಂದೆ ಎಷ್ಟು ಸಲ ಕರೆದರೂ ಹೋಗಿರಲಿಲ್ಲ. ಒಂದು ಮಧ್ಯಾಹ್ನ ಸಮುದ್ರದ ದಂಡೆಯ ಕಾಫಿ ಅಂಗಡಿಯಲ್ಲಿ ಕುಳಿತಿದ್ದಾಗ, ಬೆನ್ನಿಗೆ ದೊಡ್ಡ ಚೀಲ ಕಟ್ಟಿಕೊಂಡ ಬಿಳಿಕೂದಲಿನ ವಿದೇಶಿ ಹೆಂಗಸೊಬ್ಬಳು ಬಂದು ಇಂಗ್ಲಿಷಿನಲ್ಲಿ ಶೌಚಾಲಯ ಎಲ್ಲಿ ಎಂದು ಕೇಳಿದಳು. ನೊಲ್ಫಾ ತಿರುಗಿ ನೋಡಿ, "ಬಲಕ್ಕೆ ಎರಡನೇ ಬಾಗಿಲು. ಮೆಟ್ಟಿಲು ಇದೆ, ಜೋಪಾನ," ಎಂದಳು. ಆಕೆ ವಂದಿಸಿ ಹೋದಳು.

ಮಾರ್ಲೆನ್ ಬಾಯಿ ಬಿಟ್ಟು ನೋಡುತ್ತಿದ್ದಳು. "ಅಮ್ಮಾ! ಎಷ್ಟು ಚೆನ್ನಾಗಿ ಹೇಳ್ದೆ! ಖುಷಿ ಆಯ್ತಾ?"

ನೊಲ್ಫಾ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಜವಾಗಿಯೂ ಯೋಚಿಸಿದಳು. "ಗೊತ್ತಿಲ್ಲ ಕಣೇ," ಎಂದಳು. ಒಂದು ಗುಟುಕು ಕುಡಿದು, "ಕಾಫಿ ಚೆನ್ನಾಗಿದೆ. ಇನ್ನೊಂದು ಹೇಳು," ಎಂದಳು.