ಸೊಪ್ಪಿನ ಬೈರಮ್ಮ ಮತ್ತು ಎರಡನೇ ಅಡ್ಡರಸ್ತೆಯ ಕ್ಯಾಮೆರಾ

೨೦೨೫ರ ಜನವರಿ ೧೮, ಶನಿವಾರ. ಬೆಳಿಗ್ಗೆ ಹತ್ತೂಕಾಲಿಗೆ ಅಬ್ಬಿಗೆರೆಯ ನಮ್ಮ ಬಡಾವಣೆಯ ನಿವಾಸಿಗಳ ಸಂಘ ಬೀದಿ ಕಂಬದ ಕ್ಯಾಮೆರಾದ ಹದಿನಾಲ್ಕು ಸೆಕೆಂಡುಗಳ ದೃಶ್ಯವೊಂದನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ, ಕೆಳಗೆ ‘ಕಳ್ಳಿ ಸಿಕ್ಕಳು, ಎಲ್ಲರಿಗೂ ಕಳಿಸಿ’ ಎಂದು ಬರೆಯಿತು. ದೃಶ್ಯದಲ್ಲಿದ್ದವರು ಬೈರಮ್ಮ.

ಬೈರಮ್ಮನವರಿಗೆ ಅರವತ್ತೊಂದು ವರ್ಷ. ಈ ಬಡಾವಣೆ ಏಳುವ ಮೊದಲು ಇಲ್ಲಿ ರಾಗಿ ಬೆಳೆಯುತ್ತಿದ್ದ ಕುಟುಂಬದ ಸೊಸೆ. ಇಪ್ಪತ್ತೆರಡು ವರ್ಷಗಳಿಂದ ದಂಟು, ಮೆಂತ್ಯ, ಸಬ್ಬಸಿಗೆ ತುಂಬಿದ ಬುಟ್ಟಿ ಹೊತ್ತು ಆರೂವರೆಗೆ ಬಂದು, ಏಳೂವರೆಯೊಳಗೆ ನಾಲ್ಕೂ ಅಡ್ಡರಸ್ತೆ ಮುಗಿಸಿ ಹೋಗುತ್ತಿದ್ದರು. ಒಂಬತ್ತು ಗಂಟೆಗೆ ಅವರನ್ನು ಇಲ್ಲಿ ಕಂಡವರಿಲ್ಲ.

ಎರಡನೇ ಅಡ್ಡರಸ್ತೆಯ ಸಂಗಮೇಶ ಎಂಬವರ ಮನೆಯ ಮೆಟ್ಟಿಲ ಮೇಲೆ ಅಂದು ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಇಟ್ಟುಹೋದ ಪಾರ್ಸೆಲ್ ಅರ್ಧ ಗಂಟೆಯಲ್ಲಿ ಕಾಣೆಯಾಗಿತ್ತು. ಒಳಗಿದ್ದದ್ದು ಹೊಸ ಮೊಬೈಲು. ದೃಶ್ಯದಲ್ಲಿ ಬೈರಮ್ಮ ಅದೇ ಮೆಟ್ಟಿಲ ಬಳಿ ಬಗ್ಗಿ, ಏನನ್ನೋ ಎತ್ತಿ ತಲೆಗೇರಿಸಿಕೊಂಡು ನಡೆಯುತ್ತಾರೆ. ಮೂಲೆಯಲ್ಲಿ ಸಮಯ ೯.೨೦.

ಮರುದಿನದಿಂದ ಅವರು ಬರಲಿಲ್ಲ. ಬುಧವಾರ ನಾನು ಹಳೆ ಊರಿನ ಅವರ ಮನೆಗೆ ಹೋದೆ. ಹಾಡುಹಗಲಲ್ಲೇ ಬಾಗಿಲಿಗೆ ಚಿಲಕ, ಕಿಟಕಿಗೆ ಗೋಣಿಚೀಲ.

“ಯಾರು? ಪೊಲೀಸ್ನೋರಾ?”

“ನಾನು, ಬೈರಮ್ಮನವರೇ, ಮೂರನೇ ಅಡ್ಡರಸ್ತೆಯ ರೈಲ್ವೆಯವನು.”

ಬಾಗಿಲು ಒಂದು ಗೇಣು ತೆರೆಯಿತು. “ನನ್ ಮಕ ಎಲ್ಲಾರ್ ಪೋನಲ್ಲೂ ಐತಂತೆ. ಇಡ್ಕೊಂಡ್ ಓಯ್ತಾರಾ ಸ್ವಾಮಿ? ನಾನ್ ಎತ್ಕೊಂಡಿದ್ದು ನನ್ ಬುಟ್ಟೀನೇ. ಉಸ್ಸಂತ ಇಳ್ಸಿದ್ದೆ, ಎತ್ಕೊಂಡೆ. ಇಂಗಾಗೋಯ್ತಲ್ಲ!” ಆಮೇಲೆ ದನಿ ತಗ್ಗಿಸಿ ಕೇಳಿದರು: “ಆ ಕಂಬದ ಕಣ್ಣು ಇಲ್ಗಂಟ ಕಾಣ್ತದಾ?”

ಕಾಣುವುದಿಲ್ಲ ಎಂದೆ. ಅವರು ನಂಬಲಿಲ್ಲ. ಬಾಗಿಲು ಮುಚ್ಚಿ ಮತ್ತೆ ಚಿಲಕ ಹಾಕಿಕೊಂಡರು.

ಅಲ್ಲಿಂದ ನೇರ ಸಂಘದ ಕೋಣೆಗೆ ಹೋಗಿ ಪೂರ್ತಿ ದೃಶ್ಯ ತೋರಿಸಲು ಕೇಳಿದೆ. ೯.೨೦ ಎಂದು ತೋರಿಸುವ ಚಿತ್ರದಲ್ಲಿ ಬೀದಿದೀಪ ಇನ್ನೂ ಉರಿಯುತ್ತಿದೆ. ೯.೧೦ಕ್ಕೆ ಬಂದ ಪಾರ್ಸೆಲ್‌ನವನು ಅಲ್ಲೆಲ್ಲೂ ಇಲ್ಲ. ಪರದೆಯ ಸಮಯವನ್ನು ನನ್ನ ಕೈಗಡಿಯಾರದೊಂದಿಗೆ ಹೋಲಿಸಿದಾಗ ಕಾರಣ ತಿಳಿಯಿತು: ಕ್ಯಾಮೆರಾ ಕೂರಿಸಿದವರು ಅದರ ಗಡಿಯಾರವನ್ನು ಚೀನಾದ ಕಾಲಮಾನದಲ್ಲೇ ಬಿಟ್ಟಿದ್ದರು. ಅದು ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದು. ಬೈರಮ್ಮ ಅಲ್ಲಿದ್ದದ್ದು ಬೆಳಿಗ್ಗೆ ೬.೫೦ಕ್ಕೆ. ಪಾರ್ಸೆಲ್‌ನವನು ಕಾಣಿಸುವುದು ೧೧.೪೦ರ ಚಿತ್ರದಲ್ಲಿ, ಹನ್ನೆರಡು ನಿಮಿಷದ ನಂತರ ಹೆಲ್ಮೆಟ್ ಧರಿಸಿದ ಒಬ್ಬ ಬಂದು ಪಾರ್ಸೆಲ್ ಎತ್ತಿಕೊಂಡು ಹೋಗುತ್ತಾನೆ. ಅವನು ಯಾರೆಂದು ತಿಳಿದಿಲ್ಲ.

ಕಾರ್ಯದರ್ಶಿ ಬಸವಕಿರಣ ಕಿಸಕ್ಕೆಂದು ನಕ್ಕರು. “ಏನ್ ಸಾರ್, ರಿಟೈರ್ ಆದ್ರೂ ಯಶವಂತಪುರ ಸ್ಟೇಷನ್ ಗಡಿಯಾರ ತಲೆಯಿಂದ ಇಳ್ದಿಲ್ವಾ? ಆಯ್ತು ಬಿಡಿ, ಡಿಲೀಟ್ ಮಾಡ್ತೀನಿ.”

“ಅಳಿಸಿದರೆ ಸಾಲದು. ತಪ್ಪಾಯಿತೆಂದು ಬರೆಯಿರಿ.”

“ಅಯ್ಯೋ, ಅಜ್ಜಿಗೆ ವಾಟ್ಸ್‌ಆ್ಯಪ್ಪೇ ಇಲ್ವಲ್ಲ ಸಾರ್, ಯಾರ್ ಓದ್ತಾರೆ?”

ಅವರು ಅಳಿಸಿದರು. ಅಷ್ಟರಲ್ಲಿ ದೃಶ್ಯ ಎಷ್ಟು ಗುಂಪು ದಾಟಿತ್ತೋ ತಿಳಿಯದು. ಜನವರಿ ೨೭ರಂದು, ನಾನು ಧೈರ್ಯ ಹೇಳಿದ್ದರಿಂದಲೇ, ಬೈರಮ್ಮ ಪಕ್ಕದ ಬಡಾವಣೆಗೆ ಸೊಪ್ಪು ಒಯ್ದರು. ಗೇಟಿನ ಕಾವಲುಗಾರ ಫೋನನ್ನು ಅವರ ಮುಖದ ಪಕ್ಕದಲ್ಲಿ ಹಿಡಿದು ಹೋಲಿಸಿ ನೋಡಿದ. ಬುಟ್ಟಿಯನ್ನು ಅಲ್ಲೇ ಬಿಟ್ಟು ಅವರು ಓಡಿಹೋದರು. ಈಗ ಮಗಳು ಕರೆದರೂ ಹೊಸ್ತಿಲು ದಾಟುವುದಿಲ್ಲ. ಬೀದಿಯಲ್ಲಿ ಬೈಕ್ ನಿಂತ ಸದ್ದಾದರೆ ಒಳಕೋಣೆಗೆ ಸರಿದು ಕೂರುತ್ತಾರೆ.

ನಾನೂ ನಿರಪರಾಧಿಯಲ್ಲ. ಕಳೆದ ನವೆಂಬರಿನಲ್ಲಿ ಕ್ಯಾಮೆರಾ ಆಯ್ಕೆ ಮಾಡಿದ ಮೂವರಲ್ಲಿ ನಾನೊಬ್ಬ. ಕತ್ತಲಲ್ಲಿ ಎಷ್ಟು ದೂರ ಕಾಣುತ್ತದೆ, ಮಳೆಗೆ ಕೆಡುತ್ತದೆಯೇ ಎಂದು ಎರಡು ಸಭೆ ಚರ್ಚಿಸಿದೆವು. ಗಡಿಯಾರ ಯಾರು ಸರಿಪಡಿಸಬೇಕು, ದೃಶ್ಯ ಹೊರಗೆ ಕಳಿಸಲು ಯಾರ ಒಪ್ಪಿಗೆ ಬೇಕು ಎಂದು ಯಾರೂ ಕೇಳಲಿಲ್ಲ. ಮೂವತ್ನಾಲ್ಕು ವರ್ಷ ಗಡಿಯಾರ ನೋಡಿ ದುಡಿದ ನಾನೂ ಕೇಳಲಿಲ್ಲ. ಈಗ ಆ ಕಂಬದ ಕೆಳಗೆ ನಡೆಯುವಾಗ ನನಗೂ ಹೆದರಿಕೆಯಾಗುತ್ತದೆ.

ಆದ್ದರಿಂದ ಸಂಘದ ಅಧ್ಯಕ್ಷರಲ್ಲಿ, ಕಾರ್ಯದರ್ಶಿಯವರಲ್ಲಿ ನನ್ನ ಆಗ್ರಹ: ಆ ದೃಶ್ಯ ಹೋದ ಪ್ರತಿ ಗುಂಪಿಗೂ ಬೈರಮ್ಮನವರ ಹೆಸರು ಹೇಳಿ, ತಪ್ಪು ನಮ್ಮದೆಂದು ಬರೆಯಿರಿ. ಗಡಿಯಾರ ಸರಿಯಾಗುವವರೆಗೆ ಕ್ಯಾಮೆರಾ ನಿಲ್ಲಿಸಿಡಿ. ಇದೇ ಭಾನುವಾರದೊಳಗೆ ನೀವಿಬ್ಬರೂ ಹಳೆ ಊರಿಗೆ ನಡೆದುಹೋಗಿ, ಅವರ ಬಾಗಿಲಲ್ಲಿ ನಿಂತು, ಅಕ್ಕಪಕ್ಕದವರಿಗೆ ಕೇಳಿಸುವಂತೆ ಕ್ಷಮೆ ಕೇಳಿ.