ಪ್ರಾಗಿನ ಜಗಲಿ

ಕಾಣದ್ದನ್ನು ಕಂಡೆ ಎನ್ನುವವರ ಮಾತು ಕೇಳಿದರೆ ನನಗೆ ಮೊದಲಿನಿಂದಲೂ ನಗು. ಶಿವಮೊಗ್ಗದ ಕಾಲೇಜಿನಲ್ಲಿ ಚರಿತ್ರೆ ಹೇಳುತ್ತಿದ್ದವನು ನಾನು; ಪುಸ್ತಕದಲ್ಲಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಹಾಗಾದರೆ ಭದ್ರಾವತಿಯಲ್ಲಿ ಆ ಮಧ್ಯಾಹ್ನ ನಡೆದದ್ದೇನು? ನೀವೇ ಹೇಳಿ.

ನನಗೆ ಊರುಗಳ ಹುಚ್ಚು. ಮೈಸೂರು ಸಂಸ್ಥಾನ ಬಿಟ್ಟು ಆಚೆ ಕಾಲಿಟ್ಟವನಲ್ಲ. ಆದರೆ ರೋಮು, ಪ್ಯಾರಿಸ್ಸುಗಳ ನಕ್ಷೆ, ಗೋಪುರ, ಸೇತುವೆಗಳ ಬಗ್ಗೆ ಓದಿ ಓದಿ ಅಲ್ಲಿನ ಬೀದಿಗಳು ನಮ್ಮ ಪೇಟೆಬೀದಿಯಷ್ಟೇ ಪರಿಚಿತವಾಗಿದ್ದವು. ಪಾಠ ಮಾಡುವಾಗ ಕಣ್ಣು ಮುಚ್ಚಿ, "ಇಲ್ಲಿ ಎಡಕ್ಕೆ ತಿರುಗಿ" ಎಂದು ಹುಡುಗರನ್ನು ನಡೆಸಿಕೊಂಡು ಹೋಗುವುದು ನನ್ನ ಪದ್ಧತಿ.

ಆಗ ಎರಡನೇ ಮಹಾಯುದ್ಧದ ಕಾಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕಾರ್ಮಿಕರು ಒಂದು ಭಾನುವಾರ ನನ್ನನ್ನು ಭಾಷಣಕ್ಕೆ ಕರೆದಿದ್ದರು. ಅವತ್ತು ಪ್ರಾಗ್ ನಗರ. ಕಣ್ಣು ಮುಚ್ಚಿ ಎಲ್ಲರನ್ನೂ ಕಲ್ಲಿನ ಸೇತುವೆ ದಾಟಿಸಿದೆ. ಅಲ್ಲಿಯವರೆಗೆ ಎಲ್ಲ ಪುಸ್ತಕದ್ದೇ. ಆಮೇಲೆ ಒಂದು ಗಲ್ಲಿ ಹೊಕ್ಕೆ. ಬಾಗಿಲ ಮೇಲೆ ಜೋಡಿ ಮೀನು ಕೆತ್ತಿದ ಮನೆ, ಪಕ್ಕದಲ್ಲಿ ಜಗಲಿ, ಅದರ ಮೇಲೆ ಅವರೆಕಾಯಿ ಬಿಡಿಸುತ್ತ ಕೂತ ಮುದುಕಿ. ಎಷ್ಟು ಸ್ಪಷ್ಟ! ಹೇಳುತ್ತಲೇ ಹೋದೆ.

"ಏನ್ ಮಾರಾಯ್ರೇ, ಪ್ರಾಗಲ್ಲೂ ಅವರೆಕಾಯಾ?" ಎಂದು ಫಿಟ್ಟರ್ ಒಬ್ಬ ಕೂಗಿದ. ಸಭೆ ಗೊಳ್ಳೆಂದಿತು. ನನಗೂ ನಾಚಿಕೆಯಾಯಿತು. ಮಾತಿನ ಭರದಲ್ಲಿ ನಮ್ಮನೆ ಜಗಲಿಯನ್ನೇ ಅಲ್ಲಿಗೆ ಸಾಗಿಸಿಬಿಟ್ಟೆ ಅಂದುಕೊಂಡೆ.

ನಗದೆ ಕೂತವರು ಒಬ್ಬರೇ. ಕಾರ್ಖಾನೆಗೆ ಯಂತ್ರ ಜೋಡಿಸಲು ಬಂದು, ಯುದ್ಧ ಶುರುವಾಗಿ ಇಲ್ಲೇ ಉಳಿದುಹೋಗಿದ್ದ ಪ್ರಾಗಿನ ಎಂಜಿನಿಯರು. ಕಾರ್ಮಿಕರ ಮನೆ ಜಗಲಿಗಳ ಮೇಲೆ ಕೂತು ಕನ್ನಡ ಕಲಿತವರು. ಅವರು ಎದ್ದು ನಿಂತರು.

"ಮೇಷ್ಟ್ರೇ, ಆ ಮೀನು ನಮ್ಮನೇದು. ಅದು ನಮ್ಮಮ್ಮ. ಊರಿಂದ ಸುದ್ದಿ ಬರದೆ ವರ್ಷಗಳಾಯ್ತು. ಇನ್ನೊಂದ್ಸಲ ನೋಡಿ. ಇದ್ದಾರಾ?"

ಕಣ್ಣು ಮುಚ್ಚಿದೆ. "ಇದ್ದಾರೆ. ಬೆಳಗಿನ ಬಿಸಿಲು ಕಾಯ್ತಾ ಕೂತಿದ್ದಾರೆ," ಅಂದೆ.

"ಮಧ್ಯಾಹ್ನ ಮೂರು ಗಂಟೇಲಿ ಬೆಳಗಿನ ಬಿಸಿಲಾ?" ಎಂದು ಅದೇ ಫಿಟ್ಟರ್ ಗೊಣಗಿದ.

ಎಂಜಿನಿಯರು ಬೆರಳು ಮಡಚಿ ಎಣಿಸಿದರು. "ಹೌದು, ಅಲ್ಲಿ ಇನ್ನೂ ಬೆಳಿಗ್ಗೆ. ಜಗಲಿಗೆ ಬಿಸಿಲು ಬರೋದೇ ಈಗ," ಎಂದವರೇ ಮುಖ ಮುಚ್ಚಿಕೊಂಡು ಅತ್ತರು. ಫಿಟ್ಟರ್ ಹೋಗಿ ಅವರ ಹೆಗಲ ಮೇಲೆ ಕೈಯಿಟ್ಟ.

ಜೋಡಿ ಮೀನಿನ ಮನೆ ನಾನು ಓದಿದ ಯಾವ ಪುಸ್ತಕದಲ್ಲೂ ಇಲ್ಲ. ಮತ್ತೆ ಮತ್ತೆ ಹುಡುಕಿದ್ದೇನೆ. ಹೇಗೆ ಕಂಡಿತೋ ತಿಳಿಯದು. ಅದಕ್ಕಿಂತ ಹೆಚ್ಚಾಗಿ ಕಾಡುವುದು ಇನ್ನೊಂದು. ಎರಡನೇ ಸಲ ಕಣ್ಣು ಮುಚ್ಚಿದಾಗ ಮನೆ ಇತ್ತು, ಬಿಸಿಲಿತ್ತು. ಆ ತಾಯಿ ನಿಜವಾಗಿ ಕಂಡರೋ, ಮಗನ ಮುಖ ನೋಡಿದ ಮೇಲೆ ಇಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲವೋ, ಇವತ್ತಿಗೂ ಹೇಳಲಾರೆ.